ಅರಳೀಕಟ್ಟೆ ಮನೆ ಗುಂಪಿನಲ್ಲಿ ಜಾಗ ಇಲ್ಲ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ 'ಅರಳೀಕಟ್ಟೆ ಮನೆ' ಅಂತ ಹೆಸರು. ಮನೆ ಮಾರಿ ಹದಿನಾಲ್ಕು ವರ್ಷ ಆಯ್ತು, ಅರಳಿ ಮರ ಅದಕ್ಕೂ ಮೊದಲೇ ಬಿತ್ತು. ಹೆಸರು ಉಳಿದಿದೆ, ಜಗಳವೂ. ಅಡ್ಮಿನ್ ನಾನು. ಅಂದರೆ ಯಾರಾದರೂ ಮುನಿಸಿಕೊಂಡು ಗುಂಪು ಬಿಟ್ಟರೆ ಫೋನ್ ಮಾಡಿ ಸಮಾಧಾನ ಹೇಳಿ ಮತ್ತೆ ಸೇರಿಸಿಕೊಳ್ಳುವವನು.

ಮೊನ್ನೆ ಶನಿವಾರ ಬೆಳಿಗ್ಗೆ 6:12ಕ್ಕೆ ಹಾಸನದ ಶಾಮ ಚಿಕ್ಕಪ್ಪ ಎಂದಿನ ಗುಲಾಬಿ ಹೂವಿನ ಶುಭೋದಯ ಹಾಕಿದರು. 6:14ಕ್ಕೆ ಇದು ಬಂತು. ಮೇಲೆ ಎರಡು ಬಾಣದ ಗುರುತು, 'ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ'.

"ತುರ್ತು ಸೂಚನೆ!! ಮೊಬೈಲ್ ಕಂಪನಿಗಳು ಅಪ್‌ಡೇಟ್ ನೆಪದಲ್ಲಿ ನಿಮ್ಮ ಫೋನಿನ ಜಾಗ ನುಂಗುತ್ತಿವೆ. ಹೊಸ ಫೋನ್ ಕೊಳ್ಳಲಿ ಅಂತಲೇ ಈ ಕುತಂತ್ರ. ವಿದೇಶದಲ್ಲಿ ಕೋರ್ಟ್ ಕೋಟಿಗಟ್ಟಲೆ ದಂಡ ಹಾಕಿದೆ. ಟಿವಿಯವರು ತೋರಿಸಲ್ಲ. ಬರುವ 1ನೇ ತಾರೀಖಿನಿಂದ 3 ವರ್ಷಕ್ಕಿಂತ ಹಳೆಯ ಫೋನುಗಳಲ್ಲಿ ವಾಟ್ಸಾಪ್ ಬಂದ್!! ಯಾವ ಕಾರಣಕ್ಕೂ ಅಪ್‌ಡೇಟ್ ಒತ್ತಬೇಡಿ. ಎಲ್ಲ ಗುಂಪಿಗೂ ಕಳಿಸಿ."

ಒಂದು ಗಂಟೆಯೊಳಗೆ ಒಂಬತ್ತು ಕೈಮುಗಿದ ಚಿತ್ರ ಬಂದವು. ಓದಿದವರು ಯಾರೂ ಇರಲಿಕ್ಕಿಲ್ಲ. ಚಿಕ್ಕಪ್ಪ ಕಳಿಸಿದ್ದಕ್ಕೆಲ್ಲ ಕೈ ಮುಗಿಯುವುದು ನಮ್ಮಲ್ಲಿ ರೂಢಿ.

7:30ಕ್ಕೆ ವಾಣಕ್ಕ ಎದ್ದಳು. ದೊಡ್ಡಪ್ಪನ ಮಗಳು, ಕಾಲೇಜಿನಲ್ಲಿ ಪಾಠ ಮಾಡ್ತಾಳೆ.

ವಾಣಕ್ಕ: ಮೂಲ?

ಚಿಕ್ಕಪ್ಪ: ಮೂಲಾ ನಕ್ಷತ್ರದ ವಿಷಯ ಅಲ್ಲಮ್ಮ, ಮೊಬೈಲ್ ವಿಷಯ.

ವಾಣಕ್ಕ: ಎಲ್ಲಿಂದ ಬಂತು ಈ ಸುದ್ದಿ ಅಂತ ಕೇಳಿದ್ದು ಚಿಕ್ಕಪ್ಪ. ಯಾವ ಕೋರ್ಟು, ಯಾವ ದೇಶ, ಯಾವ ಕಂಪನಿ?

ಚಿಕ್ಕಪ್ಪ: ನಮ್ಮ ವಾಕಿಂಗ್ ಗುಂಪಿನವರು ಹಾಕಿದ್ದು. ಅದರಲ್ಲಿ ಇಬ್ಬರು ರಿಟೈರ್ಡ್ ಇಂಜಿನಿಯರ್ ಇದ್ದಾರೆ.

ಸರೋಜತ್ತೆ: ನನ್ನ ಫೋನಿಗೆ ಅಪ್‌ಡೇಟೇ ಬರಲ್ಲವಲ್ಲ ಶಾಮ. ಒತ್ತಬೇಡಿ ಅಂದ್ರೆ ಏನನ್ನ ಒತ್ತದೇ ಇರಲಿ?

ಇಡೀ ದಿನದಲ್ಲಿ ಬಂದ ಒಂದೇ ಒಂದು ಕೆಲಸದ ಪ್ರಶ್ನೆ ಇದು. ಯಾರೂ ಉತ್ತರಿಸಲಿಲ್ಲ.

ಅಷ್ಟರಲ್ಲಿ ವಾಣಕ್ಕ ಹುಡುಕಿ ತಂದಿದ್ದಳು. ಅವಳ ದೋಷವೇನೆಂದರೆ, ಹುಡುಕಿದಾಗ ಎದುರಾಳಿಗೆ ಅನುಕೂಲವಾದದ್ದು ಸಿಕ್ಕರೆ ಅದನ್ನೂ ಹಾಕಿಬಿಡ್ತಾಳೆ.

ವಾಣಕ್ಕ: ದಂಡದ ಮಾತು ಪೂರ್ತಿ ಸುಳ್ಳಲ್ಲ. 2018ರ ಅಕ್ಟೋಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ (ಕೋರ್ಟ್ ಅಲ್ಲ) ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತ್ತು. ಹಳೇ ಫೋನಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿ ನಿಧಾನ ಮಾಡಿದ್ರು ಅಂತ. 2020ರಲ್ಲಿ ಫ್ರಾನ್ಸ್ ಕೂಡ ಆ್ಯಪಲ್‌ಗೆ 2.5 ಕೋಟಿ ಯೂರೊ ಹಾಕಿತು, ಜನಕ್ಕೆ ತಿಳಿಸಲಿಲ್ಲ ಅಂತ. ಆದರೆ ಅದು ಫೋನ್ ನಿಧಾನ ಆದ ವಿಷಯ, ಜಾಗ ನುಂಗಿದ್ದಲ್ಲ. ಇನ್ನು 3 ವರ್ಷ ಅನ್ನೋದು ಶುದ್ಧ ಸುಳ್ಳು. 2023ರಲ್ಲಿ ವಾಟ್ಸಾಪ್ ಕೈಬಿಟ್ಟಿದ್ದು ಆಂಡ್ರಾಯ್ಡ್ 4.4 ಅನ್ನೋ ಹಳೇ ಫೋನ್ ಸಾಫ್ಟ್‌ವೇರನ್ನ. ಅದು ಬಂದಿದ್ದು 2013ರಲ್ಲಿ. ಹತ್ತು ವರ್ಷ ನಡೆದಿದೆ.

ಚಿಕ್ಕಪ್ಪ ಇದರಲ್ಲಿ ಮೊದಲ ವಾಕ್ಯ ಮಾತ್ರ ಓದಿದರು.

ಚಿಕ್ಕಪ್ಪ: ಎಲ್ಲರೂ ನೋಡಿ. ಸುಳ್ಳಲ್ಲ ಅಂತ ವಾಣೀನೇ ಒಪ್ಪಿಕೊಂಡಿದ್ದಾಳೆ.

ವಾಣಕ್ಕ: ಪೂರ್ತಿ ಸುಳ್ಳಲ್ಲ ಅಂದೆ.

ದೊಡ್ಡಪ್ಪ: ಹಿರಿಯರು ನಾಲ್ಕು ಒಳ್ಳೆ ಮಾತು ಕಳಿಸಿದರೆ ಮೂಲ ಕೇಳುವುದು ಇಂದಿನ ವಿದ್ಯೆ. ನಾವು ಮೇಷ್ಟ್ರನ್ನ ಕೇಳಿದ್ದಿಲ್ಲ. ಆಸೆಗೆ ಮಿತಿ ಇರಬೇಕು. ಇದ್ದಷ್ಟು ಜಾಗದಲ್ಲಿ ಬಾಳುವುದನ್ನ ಕಲಿತರೆ ಫೋನೂ ತುಂಬುವುದಿಲ್ಲ, ಮನಸ್ಸೂ ತುಂಬುವುದಿಲ್ಲ.

'ಮನಸ್ಸೂ ತುಂಬುವುದಿಲ್ಲ' ಅಂದರೆ ಒಳ್ಳೆಯದೋ ಕೆಟ್ಟದ್ದೋ ನನಗೆ ಈಗಲೂ ಗೊತ್ತಾಗಿಲ್ಲ. ಅದಕ್ಕೂ ಆರು ಜನ ಕೈ ಮುಗಿದರು.

ಸರೋಜತ್ತೆ: ಬ್ಯಾಂಕಿನ ಆ್ಯಪ್ ತೆರೆಯೋಕೆ ಹೋದರೆ ಹೊಸದು ಹಾಕ್ಕೊಳ್ಳಿ ಅನ್ನುತ್ತೆ. ಹೊಸದು ಹಾಕ್ಕೊಳ್ಳೋಕೆ ಹೋದರೆ ಜಾಗ ಇಲ್ಲ ಅನ್ನುತ್ತೆ. ಪೆನ್ಷನ್ ಬಂತೋ ಇಲ್ವೋ ನೋಡಬೇಕಿತ್ತು.

ಗುಂಡ: ಅತ್ತೆ, ಮೆಮೊರಿ ಕಾರ್ಡ್ ಹಾಕ್ಕೊಟ್ಟಿದ್ದೆನಲ್ಲ? 64 ಜಿಬಿ.

ಇಲ್ಲೊಂದು ಮಾತು ಹೇಳಬೇಕು. ಗುಂಡ ಅಂದರೆ ಚಿಕ್ಕಪ್ಪನ ಮಗ, ಬೆಂಗಳೂರಿನಲ್ಲಿದ್ದಾನೆ. ಅತ್ತೆಗೆ ಈ ಫೋನು ತಂದುಕೊಟ್ಟವನು ಅವನೇ, 2019ರ ದೀಪಾವಳಿಯಲ್ಲಿ. ದುಡ್ಡು ಕಳಿಸಿದ್ದು ಅತ್ತೆಯ ಮಗ ಸುಬ್ಬು, ಜರ್ಮನಿಯ ಮ್ಯೂನಿಕ್‌ನಿಂದ. ಬೆಳಿಗ್ಗೆ ನಮ್ಮಲ್ಲಿ ಹತ್ತೂವರೆ ಹೊತ್ತಿಗೆ ಅವನೂ ಎದ್ದ.

ಸುಬ್ಬು: ಅಮ್ಮ, ಮೆಮೊರಿ ಕಾರ್ಡಿಗೆ ವಾಟ್ಸಾಪ್ ಹೋಗಲ್ಲ. ಅದು ಫೋನಿನ ಒಳಗಿನ ಜಾಗದಲ್ಲೇ ಕೂರುತ್ತೆ. 32 ಜಿಬಿ ಅಂತ ಡಬ್ಬದ ಮೇಲೆ ಬರೆದಿದ್ರೂ, ಕೆಬಿಯಿಂದ ಎಂಬಿ, ಎಂಬಿಯಿಂದ ಜಿಬಿ ಅಂತ ಒಂದೊಂದು ಮೆಟ್ಟಿಲಿಗೂ ಕಂಪನಿ ಲೆಕ್ಕ ಸಾವಿರದ್ದು, ಫೋನಿನ ಒಳಗಿನ ಲೆಕ್ಕ 1024ದ್ದು. 30ಕ್ಕೂ ಕಮ್ಮಿ ಸಿಗೋದು. ಅದರಲ್ಲಿ ಸಾಫ್ಟ್‌ವೇರೇ ಮೂರರಲ್ಲೊಂದು ಪಾಲು ತಿನ್ನುತ್ತೆ. ಇಲ್ಲಿ ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಒಂದು ಮಾದರಿ ಮಾರೋದನ್ನ ನಿಲ್ಲಿಸಿದ ಮೇಲೂ 5 ವರ್ಷ ಅಪ್‌ಡೇಟ್ ಕೊಡಲೇಬೇಕು. ಕೆಲವು ಕಂಪನಿಗಳು ದುಬಾರಿ ಫೋನಿಗೆ 7 ವರ್ಷ ಅಂತ ತಾವೇ ಹೇಳ್ತಿವೆ. ಅಮ್ಮನ ಥರದ ಅಗ್ಗದ ಫೋನಿಗೆ ಎರಡು ವರ್ಷಕ್ಕೆ ಕೈ ತೊಳ್ಕೊಂಡ್ರು. ಫಾರ್ವರ್ಡ್ ತಲೆಕೆಳಗಿದೆ ಮಾವ. ನಮ್ಮ ತೊಂದರೆ ಅಪ್‌ಡೇಟ್ ಬರೋದಲ್ಲ, ಬರದೇ ಇರೋದು.

ಗುಂಪಿನಲ್ಲಿ ಇಷ್ಟು ಸರಿಯಾದ ಮಾತು ವರ್ಷದಲ್ಲಿ ಒಮ್ಮೆ ಬರುತ್ತದೆ. ಆದರೆ ಅದರೊಳಗೆ 'ಅಗ್ಗದ ಫೋನು' ಅಂತ ಎರಡು ಪದ ಕೂತಿದ್ದವು.

ಗುಂಡ: ಅಗ್ಗದ್ದು ಅಂದ್ರೆ?

ಸುಬ್ಬು: ಬೈದಿದ್ದಲ್ಲ ಭಾವ. ಕ್ಯಾಟಗರಿ ಹೇಳಿದ್ದು.

ಗುಂಡ: ಅವತ್ತು ಅಂಗಡಿಯಿಂದ ವಿಡಿಯೊ ಕಾಲ್ ಮಾಡಿ ತೋರಿಸಿದಾಗ 'ಅಮ್ಮಂಗೆ 32 ಸಾಕು' ಅಂದವರು ಯಾರು?

ಸುಬ್ಬು: ನಾನು ಕಳಿಸಿದ್ದು 15 ಸಾವಿರ.

ಕುಟುಂಬದ ಗುಂಪಿನಲ್ಲಿ ಇಂಥ ವಾಕ್ಯ ಬಂದಾಗ ಹೇಗಾಗುತ್ತದೆಂದು ನಿಮಗೆ ಗೊತ್ತಿರುತ್ತೆ. ಮೇಲೆ 'ಟೈಪಿಂಗ್' ಅಂತ ಒಬ್ಬೊಬ್ಬರದೇ ಹೆಸರು ಬರುತ್ತೆ, ಹೋಗುತ್ತೆ. ಗುಂಡನ ಹೆಂಡತಿಯ ಹೆಸರು ಮೂರು ಸಲ ಬಂದು ಹೋಯಿತು.

ಗುಂಡ: ಫೋನು 8,499. ಉಳಿದದ್ದರಲ್ಲಿ ಅತ್ತೆ ಮನೆ ಗ್ಯಾಸ್ ಸ್ಟೌ, ಕವರು, ಕಾರ್ಡು, ಸ್ಕ್ರೀನ್ ಗಾರ್ಡು. ಬಿಲ್ ಇಟ್ಟಿದ್ದೀನಿ. ತಾಳಿ.

ಬಿಲ್ಲಿನ ಫೋಟೊ ಬಂತು. ಅಂಗಡಿಯ ಯಂತ್ರದಿಂದ ಬರುವ ನುಣುಪು ಕಾಗದ. ಐದಾರು ವರ್ಷದಲ್ಲಿ ಅಕ್ಷರವೆಲ್ಲ ಹಾರಿಹೋಗಿ ಬೆಳ್ಳಗೆ ಕೂತಿತ್ತು. ಒಂದು ಮೂಲೆಯಲ್ಲಿ 'ಧನ್ಯವಾದ' ಅನ್ನುವುದರ ಅರ್ಧ ಕಾಣುತ್ತಿತ್ತು.

ವಾಣಕ್ಕ: ಇದರಲ್ಲಿ ಏನೂ ಇಲ್ಲವಲ್ಲೋ ಗುಂಡ.

ಚಿಕ್ಕಪ್ಪ: ನನ್ನ ಮಗ ಸುಳ್ಳು ಹೇಳ್ತಾನೆ ಅಂತಲಾ?

ದೊಡ್ಡಪ್ಪ: ಹಣ ಕಳಿಸುವುದು ಸುಲಭ ಅಳಿಯಂದಿರೇ. ಬಂದು ಮುಖ ತೋರಿಸುವುದು ಕಷ್ಟ. ಗ್ಯಾಸ್ ಸ್ಟೌ ಹೊತ್ತು ತಂದವನಿಗೆ ಬೆನ್ನು ನೋವು ಗೊತ್ತು.

ಸುಬ್ಬು ಇದಕ್ಕೆ ಒಂದು ಹೆಬ್ಬೆರಳು ಹಾಕಿ ಸುಮ್ಮನಾದ. ಆ ಹೆಬ್ಬೆರಳಿನ ಅರ್ಥ ಒಪ್ಪಿಗೆ ಅಲ್ಲ ಅಂತ ದೊಡ್ಡಪ್ಪನಿಗೆ ತಿಳಿದಿಲ್ಲ, ಪುಣ್ಯ.

ಆಗ ಹುಬ್ಬಳ್ಳಿ ಭಾವ ಬಂದರು, ವಾಣಕ್ಕನ ಯಜಮಾನರು. ಜಗಳ ಕಂಡರೆ ಹಳೇ ಕಾಲದ ಮಾತು ತೆಗೆದು ತಣ್ಣಗೆ ಮಾಡುವುದು ಅವರ ಕೆಲಸ ಅಂತ ಅವರೇ ವಹಿಸಿಕೊಂಡಿದ್ದಾರೆ.

ಹುಬ್ಬಳ್ಳಿ ಭಾವ: ಏನ ಅನ್ರಿ, ಆಗಿನ ಸಾಮಾನ ಗಟ್ಟಿ ಇರ್ತಿದ್ವು. ಕ್ಯಾಮೆರಾದಾಗ ಒಂದ ರೋಲಿಗೆ 36 ಫೋಟೊ. ನಮ್ಮ ಲಗ್ನಕ್ಕ ನಾಕ ರೋಲ್ ಹಾಕಿಸಿದ್ವಿ, ಎಲ್ಲಾ ಒಂದ ಆಲ್ಬಮ್‌ದಾಗ ಹಿಡೀತು. ನಿಮ್ಮ ಅಜ್ಜಾರ ಕೈಯಾಗ ಎಚ್‌ಎಂಟಿ ಜನತಾ ವಾಚ್ ಇತ್ತಲ್ರೀ, ಮುಂಜಾನೆ ಒಮ್ಮೆ ಕೀ ಕೊಟ್ರ ಮುಗೀತು. ಅಪ್‌ಡೇಟ್ ಇಲ್ಲ, ಸ್ಟೋರೇಜ್ ಇಲ್ಲ. ಅದು ಈಗ ಯಾರ ಕಡೆ ಅದ?

ಹನ್ನೊಂದು ನಿಮಿಷ ಗುಂಪಿನಲ್ಲಿ ಉಸಿರಿಲ್ಲ.

ಚಿಕ್ಕಪ್ಪ: ಅಣ್ಣನ ಹತ್ರ ಇರಬೇಕು.

ದೊಡ್ಡಪ್ಪ: ಇರಬೇಕು ಅಂದರೇನು? ಅಪ್ಪ ಅವರ ಕೈಯಾರೆ ನನಗೆ ಕೊಟ್ಟದ್ದು.

ಚಿಕ್ಕಪ್ಪ: ಕೊಟ್ಟಿದ್ದನ್ನ ಯಾರೂ ನೋಡಿಲ್ಲ. ಆಸ್ಪತ್ರೆಯಲ್ಲಿ ಕೊನೇ ಒಂಬತ್ತು ದಿನ ಇದ್ದವನು ನಾನು.

ಗುಂಡ: ವಾಣಕ್ಕ, ಇದಕ್ಕೆ ಮೂಲ ಕೇಳಲ್ವಾ?

ವಾಣಕ್ಕ 'ಟೈಪಿಂಗ್' ಅಂತ ಬಂತು, ಹೋಯಿತು. ಕೇಳಿದ್ದರೆ ಅವಳ ದೊಡ್ಡತನ. ಕೇಳಲಿಲ್ಲ. ನನಗೂ ಧೈರ್ಯ ಇರಲಿಲ್ಲ, ಆ ಮಾತು ಬೇರೆ.

ದೊಡ್ಡಪ್ಪ ವಾಚಿನ ಫೋಟೊ ಹಾಕಿದರು. ಮುಂದಿನದು, ಹಿಂದಿನದು, ಪಟ್ಟಿಯದು. ಆಮೇಲೆ ಕಿವಿ ಹತ್ತಿರ ಹಿಡಿದರೆ ಟಿಕ್ ಟಿಕ್ ಕೇಳುತ್ತದೆ ಅಂತ ತೋರಿಸಲು ಒಂದು ವಿಡಿಯೊ. ಅದರಲ್ಲಿ ಕೇಳಿಸುತ್ತಿದ್ದದ್ದು ಹಿತ್ತಲ ಕುಕ್ಕರಿನ ಸೀಟಿ ಮಾತ್ರ.

ಸರೋಜತ್ತೆ: ಅಣ್ಣ, ನನಗೆ ವಾಚು ಕಾಣಿಸ್ತಿಲ್ಲ. ಜಾಗ ಇಲ್ಲ ಅಂತಿದೆ.

ಹುಬ್ಬಳ್ಳಿ ಭಾವ: ನೀವು ಹಿಂಗ ಜಗಳಾ ಮಾಡ್ಕೋತ ಕೂಡ್ರಿ, ಅಷ್ಟರಾಗ ಅತ್ತಿಯವರ ಫೋನ್ ಸತ್ತ ಹೋಗ್ತದ.

ಬೆಂಕಿ ಹಚ್ಚಿದವರೇ ಹೀಗಂದರೆ ಏನು ಹೇಳುವುದು.

ಸಂಜೆ ನಾನು ಅತ್ತೆಯ ಮನೆಗೆ ಹೋದೆ. ನಾವಿಬ್ಬರೂ ಮೈಸೂರಿನಲ್ಲೇ ಇರುವುದು, ನಡುವೆ ಎರಡು ಬಸ್ ಸ್ಟಾಪು. ಅತ್ತೆ ಫೋನನ್ನು ಕೈಗೆ ಕೊಟ್ಟು ಅಡುಗೆಮನೆಗೆ ಹೋದರು. ಗಾಜಿನ ಮೇಲೆ ಎರಡು ಸೀಳು, ಕವರಿನ ಹಿಂದೆ ಮಡಚಿಟ್ಟ ಐವತ್ತರ ನೋಟು, ರಾಯರ ಚಿಕ್ಕ ಪಟ. ಸ್ಟೋರೇಜ್ ತೆರೆದೆ. 32ರಲ್ಲಿ ಉಳಿದಿದ್ದದ್ದು 140 ಎಂಬಿ. ಇಷ್ಟು ಬಿಗಿಯಾದರೆ ಫೋನು ಪ್ರತಿ ಸಲ ಬರೆಯುವ ಮುಂಚೆ ಖಾಲಿ ಮೂಲೆ ಹುಡುಕಬೇಕು, ಅದಕ್ಕೇ ಒಂದು ಒತ್ತಿದರೆ ಒಂದು ನಿಮಿಷ. ಗುಂಡನ 64 ಜಿಬಿ ಕಾರ್ಡಿನಲ್ಲಿ ಹನ್ನೊಂದು ದೇವರನಾಮ ಇದ್ದವು, ಬೇರೇನಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಒತ್ತಿದೆ. ಚಕ್ರ ತಿರುಗಿ ತಿರುಗಿ 'ನಿಮ್ಮ ಫೋನ್ ಅಪ್ ಟು ಡೇಟ್ ಆಗಿದೆ' ಅಂದಿತು. ಕೆಳಗೆ ಸಣ್ಣಕ್ಷರದಲ್ಲಿ ಕೊನೆಯ ಭದ್ರತಾ ಅಪ್‌ಡೇಟಿನ ದಿನಾಂಕ: 2021. ನಾಚಿಕೆಯಿಲ್ಲದೆ ಎರಡನ್ನೂ ಒಂದೇ ಪರದೆಯ ಮೇಲೆ ತೋರಿಸುತ್ತದೆ.

ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಗುಂಪು ಎಷ್ಟು ಜಾಗ ತಿಂದಿದೆ ಅಂತ ಪಟ್ಟಿ ಬರುತ್ತದೆ. ಮೊದಲ ಹೆಸರು ಅರಳೀಕಟ್ಟೆ ಮನೆ, 5.2 ಜಿಬಿ. ಎರಡನೆಯದು ಭಜನಾ ಮಂಡಳಿ, 1 ಜಿಬಿಯೂ ಇಲ್ಲ. ನಮ್ಮ ಜಗಳ ದೇವರಿಗಿಂತ ಐದು ಪಟ್ಟು.

ಅಳಿಸುತ್ತಾ ಹೋದೆ. ಚಿಕ್ಕಪ್ಪನ ಗುಲಾಬಿಗಳು ಬಂದವು, ಸಾಲಾಗಿ, ನೂರಾರು. ಅತ್ತೆ ಕಾಫಿ ಹಿಡಿದು ಹಿಂದೆ ನಿಂತಿದ್ದರು.

"ಹಳೇವೆಲ್ಲ ಹೋಗಲಿ. ಇವತ್ತಿಂದು ಇರಲಿ ಕಣೋ. ಶಾಮ ಎದ್ದಿದ್ದಾನೆ ಅಂತ ನನಗೆ ಗೊತ್ತಾಗೋದು ಅದರಿಂದಲೇ."

ಚಿಕ್ಕಪ್ಪನಿಗೆ ಎರಡು ವರ್ಷದ ಕೆಳಗೆ ಸ್ಟೆಂಟ್ ಹಾಕಿದ್ದಾರೆ.

ಬ್ಯಾಂಕಿನ ಆ್ಯಪ್ ಹೊಸದು ಕೂತಿತು, ಪೆನ್ಷನ್ ಬಂದಿತ್ತು. ಮನೆಗೆ ಬರುವ ದಾರಿಯಲ್ಲಿ ಗುಂಪು ನೋಡಿದರೆ ಎಲ್ಲ ಮತ್ತೆ ಹತ್ತಿಕೊಂಡಿದೆ. ವಾಣಕ್ಕ ಒಂದು ಸುದ್ದಿ ಹಾಕಿದ್ದಳು: ಭಾರತದ ಫೋನುಗಳು ಗುಡ್ ಮಾರ್ನಿಂಗ್ ಚಿತ್ರಗಳಿಂದಲೇ ತುಂಬುತ್ತಿವೆ ಅಂತ ಗೂಗಲ್‌ನವರು ಕಂಡುಕೊಂಡು, ಅವನ್ನೇ ಹುಡುಕಿ ಅಳಿಸುವ ಸೌಲಭ್ಯವನ್ನು ತಮ್ಮ ಫೈಲ್ಸ್ ಆ್ಯಪ್‌ನಲ್ಲಿ ಕೊಟ್ಟರು ಅಂತ, 2018ರದು. ಯಾರ ಹೆಸರೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಚಿಕ್ಕಪ್ಪ: ಅರ್ಥವಾಯಿತು. ನನ್ನಿಂದ ಇಷ್ಟು ಜನಕ್ಕೆ ತೊಂದರೆ ಆಗುತ್ತಿದೆ ಅಂತ ತಿಳಿದಿರಲಿಲ್ಲ. ಕ್ಷಮಿಸಿ.

ಆ 'ಕ್ಷಮಿಸಿ'ಗೂ ನಾಲ್ವರು ಕೈ ಮುಗಿದರು. ನಾನು ಫೋನ್ ಮಾಡಿದೆ, ಎತ್ತಲಿಲ್ಲ. ಗುಂಪು ಬಿಡುತ್ತಾರೆ ಅಂತ ರಾತ್ರಿ ಎರಡು ಸಲ ನೋಡಿದೆ. ಬಿಟ್ಟಿರಲಿಲ್ಲ.

ಭಾನುವಾರ 6:12.

ಚಿಕ್ಕಪ್ಪ: ಶುಭೋದಯ. ಜಾಗ ಉಳಿಯಲಿ ಅಂತ ಚಿತ್ರ ಹಾಕಿಲ್ಲ. ಕೆಂಪು ಗುಲಾಬಿ, ಎರಡು ಎಲೆ, ಎಡಗಡೆ ಎಸಳಿನ ಮೇಲೆ ಇಬ್ಬನಿ ಇದೆ ಅಂತ ತಿಳಿದುಕೊಳ್ಳುವುದು. ಕೆಳಗೆ ಸುಭಾಷಿತ ಇತ್ತು, ಅದರ ಮೂಲ ಗೊತ್ತಿಲ್ಲದ ಕಾರಣ ಕೈ ಬಿಟ್ಟಿದ್ದೇನೆ.

6:13.

ಸರೋಜತ್ತೆ: ಹೂ ಚೆನ್ನಾಗಿದೆ ಶಾಮ. ಕಾಫಿ ಆಯ್ತಾ?