ಆಸ್ಪತ್ರೆಯಲ್ಲಿ ‘ಉಪಚಾರ’ ಎಂದರೆ ಯಾವುದು?

ಪ್ರಶ್ನೆ, ರಾಯಚೂರಿನಿಂದ:
ಅವ್ವನ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆಂದು ಕಳೆದ ವಾರ ಒಂದು ಖಾಸಗಿ ಆಸ್ಪತ್ರೆಯಲ್ಲಿ ಐದು ದಿನ ಇದ್ದೆವು. ಬಾಗಿಲಲ್ಲಿಯೇ ಕೈಮುಗಿದು ಬರಮಾಡಿಕೊಂಡರು. ಕೂರಲು ಸೋಫಾ, ಕುಡಿಯಲು ತಣ್ಣೀರು ಕೊಟ್ಟರು. ನಮ್ಮೂರಿನ ಬಿಸಿಲು ಬಲ್ಲವರಿಗೆ ಅದು ಸಣ್ಣ ಮಾತಲ್ಲವೆಂದು ಗೊತ್ತಿದೆ. ಆದರೆ ಎರಡು ಸಲ ಶಸ್ತ್ರಚಿಕಿತ್ಸೆಯನ್ನು ಮುಂದೂಡಿ, ಅವ್ವನನ್ನು ಎರಡು ದಿನವೂ ಮಧ್ಯಾಹ್ನದವರೆಗೆ ಉಪವಾಸವಿರಿಸಿದರೂ ಕಾರಣವನ್ನು ಯಾರೂ ತಿಳಿಸಲಿಲ್ಲ. ಕೇಳಿದಾಗಲೆಲ್ಲ “ಡಾಕ್ಟರ್ ಬರ್ತಾರ, ಕುಂದ್ರ್ರಿ” ಎಂಬುದೊಂದೇ ಉತ್ತರ. ಮನೆಗೆ ಬಂದವರ ಸತ್ಕಾರಕ್ಕೂ ರೋಗಿಯ ಆರೈಕೆಗೂ ನಾವು ‘ಉಪಚಾರ’ ಎಂಬ ಒಂದೇ ಪದ ಬಳಸುತ್ತೇವೆ. ಹಾಗಿದ್ದರೆ ಆತಿಥ್ಯವು ಚಿಕಿತ್ಸೆಯ ಭಾಗವೋ, ಬರೀ ಅಲಂಕಾರವೋ?

ಉತ್ತರ 1, ಬಳ್ಳಾರಿಯಿಂದ:
ನಾನು ಶುಶ್ರೂಷಕಿ, ಹಾಗಾಗಿ ನಮ್ಮ ವಾರ್ಡಿನ ಒಂದು ತಪ್ಪನ್ನೇ ಹೇಳುತ್ತೇನೆ. ಬೆಳಿಗ್ಗೆ ಶಸ್ತ್ರಚಿಕಿತ್ಸೆಯಿದ್ದ ಒಬ್ಬ ರೈತರ ಹೆಂಡತಿಗೆ ಹಿಂದಿನ ರಾತ್ರಿ “ಏನೂ ತಿನ್ನಿಸಬೇಡಿರಿ” ಎಂದಷ್ಟೇ ಹೇಳಿದ್ದೆವು. ಆಕೆ ಬುತ್ತಿಯ ರೊಟ್ಟಿಯನ್ನು ಮುಟ್ಟಲಿಲ್ಲ; ಆದರೆ ನಸುಕಿನಲ್ಲಿ ಗಂಡನಿಗೆ ಒಂದು ಲೋಟ ಹಾಲು ಕುಡಿಸಿದರು. ಹಾಲು ‘ತಿನ್ನುವ’ ಪದಾರ್ಥವಲ್ಲವಲ್ಲ! ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುವುದರಿಂದ, ಸಾಮಾನ್ಯವಾಗಿ ಊಟ ಮತ್ತು ಹಾಲನ್ನು 6 ಗಂಟೆ ಮೊದಲೇ, ನೀರನ್ನು 2 ಗಂಟೆ ಮೊದಲೇ ನಿಲ್ಲಿಸುತ್ತಾರೆ. ಇಷ್ಟನ್ನು ಆಕೆಯ ಪಕ್ಕದಲ್ಲಿ ಕುಳಿತು ಹೇಳಿದ್ದರೆ ಅಂದಿನ ಶಸ್ತ್ರಚಿಕಿತ್ಸೆ ತಪ್ಪುತ್ತಿರಲಿಲ್ಲ. ನನ್ನ ಮಟ್ಟಿಗೆ ಆತಿಥ್ಯವೆಂದರೆ ಆ ಕುಳಿತು ಹೇಳುವ ಐದು ನಿಮಿಷ. ಒಬ್ಬಳೇ ನಲವತ್ತು ಹಾಸಿಗೆಗಳನ್ನು ನೋಡಿಕೊಳ್ಳುವ ರಾತ್ರಿಪಾಳಿಯಲ್ಲಿ ಆ ಐದು ನಿಮಿಷವೇ ಸಿಗುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ.

ಉತ್ತರ 2, ಕೊಪ್ಪಳದಿಂದ:
ಮೇಡಂ ಹೇಳಿದ್ದು ಸರಿ, ಆದರೆ ಪರಿಸರವನ್ನು ಪೂರ್ತಿ ಅಲಂಕಾರವೆಂದು ತಳ್ಳಿಹಾಕಲಾಗದು. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವು ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳನ್ನೇ ಕುರಿತದ್ದು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು. ಬಲವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾದವು. ನಮ್ಮ ಕಡೆ ಇದಕ್ಕೆ ಜೊತೆಗೆ ಬಂದವರನ್ನೂ ಸೇರಿಸಬೇಕು. ಕುಷ್ಟಗಿ, ಯಲಬುರ್ಗಾ ಹಳ್ಳಿಗಳಿಂದ ಬಂದವರು ವರಾಂಡದಲ್ಲಿ ಚಾದರ ಹಾಸಿ ಮಲಗುತ್ತಾರೆ, ಮಾತ್ರೆ ತರುವವರೂ ರೋಗಿಯನ್ನು ಎಬ್ಬಿಸಿ ಕೂರಿಸುವವರೂ ಅವರೇ. ಅವರಿಗೊಂದು ಸ್ನಾನದ ಮನೆ, ಬುತ್ತಿ ಬಿಚ್ಚಿ ಉಣ್ಣಲು ನೆರಳು ಬೇಡವೇ?

ಉತ್ತರ 3, ಸಿಂಧನೂರಿನಿಂದ:
ಒಂದು ಎಚ್ಚರಿಕೆಯ ಮಾತು. 2012ರಲ್ಲಿ ಅಮೆರಿಕದಲ್ಲಿ 50 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ವೈದ್ಯರ ಬಗ್ಗೆ ಅತಿಹೆಚ್ಚು ತೃಪ್ತಿ ಹೇಳಿಕೊಂಡವರಲ್ಲೇ ಖರ್ಚೂ ಸಾವಿನ ಪ್ರಮಾಣವೂ ಹೆಚ್ಚಾಗಿದ್ದವು. ತೃಪ್ತಿಯೇ ಅದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಕೇಳಿದ ಇಂಜೆಕ್ಷನ್, ಕೇಳಿದ ಸಲೈನ್ ಎಲ್ಲವನ್ನೂ ನಗುಮುಖದಿಂದ ಕೊಡುವ ವೈದ್ಯರು ಒಳ್ಳೆಯ ಆತಿಥೇಯರಿರಬಹುದು, ಒಳ್ಳೆಯ ವೈದ್ಯರಾಗಿರಲೇಬೇಕೆಂದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಹಾಲಿನ ಪ್ರಸಂಗವನ್ನು ಓದಿ ಹೇಳಿದಾಗ ಅವ್ವ ನಕ್ಕಳು. ಎರಡನೆಯ ದಿನ ಅವಳೂ ಮುಂಜಾನೆ ಅರ್ಧ ಕಪ್ಪು ಚಹಾ ಕುಡಿದಿದ್ದಳಂತೆ. ನಮಗ್ಯಾರಿಗೂ ಹೇಳಿರಲಿಲ್ಲ. ಗುರುವಾರ ಹೊಲಿಗೆ ಬಿಚ್ಚಿಸಲು ಹೋಗುವಾಗ ಅದನ್ನು ವೈದ್ಯರಿಗೆ ತಿಳಿಸಿ, ಮೊದಲ ದಿನ ಮುಂದೂಡಿದ್ದು ಏಕೆಂದೂ ಕೇಳುತ್ತೇನೆ.