ಅತ್ತೆಯ ಲ್ಯಾಪ್‌ಟಾಪ್‌ನಲ್ಲಿ ಡಿಲೀಟ್ ಆಗದ ಫೋಲ್ಡರ್

ಅತ್ತೆ, ರಾತ್ರಿ ನೀವು ಗ್ರೂಪಿಗೆ ಹಾಕಿದ ಫೋಟೋ ಈಗಷ್ಟೇ ನೋಡಿದೆ. ಉಪನಯನದ ವಿಡಿಯೋ ಫೋಲ್ಡರ್ ಡಿಲೀಟ್ ಮಾಡಲು ಹೋದರೆ ‘ಫೋಲ್ಡರ್ ಇನ್ ಯೂಸ್’ ಅಂತ ಬರುತ್ತಿದೆ, ಮೂರು ದಿನದಿಂದ ಇದೇ ಆಗಿದೆ, ವೈರಸ್ ಏನಾದರೂ ಬಂತಾ ಅಂತ ಕೇಳಿದ್ದೀರಿ. ದೊಡ್ಡಪ್ಪ ಫಾರ್ಮ್ಯಾಟ್ ಮಾಡಿಸಿಬಿಡು ಅಂದಿದ್ದಾರೆ. ಅಣ್ಣ ಯಾವುದೋ ಸಾಫ್ಟ್‌ವೇರ್ ಲಿಂಕ್ ಕಳಿಸಿದ್ದಾನೆ. ಸದ್ಯಕ್ಕೆ ಎರಡೂ ಬೇಡ ಅತ್ತೆ. ವಿಷಯ ಸ್ವಲ್ಪ ಉದ್ದ ಇದೆ, ಅದಕ್ಕೇ ಹೀಗೆ ಮಾತಾಡಿ ಕಳಿಸುತ್ತಿದ್ದೇನೆ. ಲ್ಯಾಪ್‌ಟಾಪ್ ಮುಂದೆ ಕೂತು ಕೇಳಿ.

ಮೊದಲು ಗಾಬರಿ ಬಿಡಿ. ಈ ಮೆಸೇಜ್ ಬಂದರೆ ಹೆಚ್ಚಾಗಿ ವೈರಸ್ ಅಲ್ಲ. ಆ ಫೋಲ್ಡರಿನಲ್ಲಿರುವ ಯಾವುದೋ ಒಂದು ಫೈಲನ್ನು ಬೇರೆ ಪ್ರೋಗ್ರಾಂ ಹಿಡಿದುಕೊಂಡಿದೆ, ಅಷ್ಟೆ. ಒಳಗೆ ಜನ ಇರುವಾಗ ನಾವು ಹೊರಗಿನಿಂದ ಬೀಗ ಹಾಕಿ ಹೋಗುವುದಿಲ್ಲ ಅಲ್ವಾ? ವಿಂಡೋಸ್ ಕೂಡ ಹಾಗೇ. ಬಳಕೆಯಲ್ಲಿರುವ ಫೈಲನ್ನು ಅಳಿಸಲು ಬಿಡುವುದಿಲ್ಲ. ಯಾರು ಹಿಡಿದಿದ್ದಾರೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನೀವು ಎಲ್ಲಾ ಕಿಟಕಿ ಮುಚ್ಚಿ ಶಟ್‌ಡೌನ್ ಕೂಡ ಮಾಡಿದ್ದೀರಿ. ಆದರೆ ಶಟ್‌ಡೌನ್ ಬೇರೆ, ರೀಸ್ಟಾರ್ಟ್ ಬೇರೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ, ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಒಳಗಿನ ಭಾಗವನ್ನು ಇದ್ದ ಹಾಗೇ ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಎಲ್ಲಾ ಮೊದಲಿನಿಂದ ಶುರು. ಹಾಗಾಗಿ ಒಮ್ಮೆ ರೀಸ್ಟಾರ್ಟ್ ಮಾಡಿ. ಬೇರೇನೂ ತೆರೆಯದೆ, ಫೋಲ್ಡರಿನ ಒಳಗೂ ಹೋಗದೆ, ಹೊರಗಿನಿಂದಲೇ ಅದನ್ನು ಆರಿಸಿ ನೋಡಿ. ನಿಮ್ಮ ಫೋಟೋದಲ್ಲಿ ಬಲಗಡೆ ವಿಡಿಯೋದ ಚಿತ್ರ ಕಾಣುತ್ತಿದೆ. ಅದು ಪ್ರಿವ್ಯೂ ಪೇನ್. ಕೆಲವೊಮ್ಮೆ ಅದೇ ಫೈಲನ್ನು ಹಿಡಿದಿಡುತ್ತದೆ. ಆಲ್ಟ್ ಕೀ ಜೊತೆ ಪಿ ಒತ್ತಿದರೆ ಅದು ಮುಚ್ಚುತ್ತದೆ.

ಅಷ್ಟಕ್ಕೂ ಹೋಗದಿದ್ದರೆ, ವಿಂಡೋಸ್ ಕೀ ಒತ್ತಿ ಹಿಡಿದು ಆರ್ ಒತ್ತಿ. ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಆರ್, ಇ, ಎಸ್, ಎಂ, ಓ, ಎನ್ ಅಂತ ಟೈಪ್ ಮಾಡಿ ಎಂಟರ್ ಕೊಡಿ. ರಿಸೋರ್ಸ್ ಮಾನಿಟರ್ ತೆರೆಯುತ್ತದೆ. ಗ್ರಾಫ್‌ಗಳೆಲ್ಲಾ ಓಡುತ್ತಿರುತ್ತವೆ, ಅವನ್ನು ನೋಡಬೇಡಿ. ಮೇಲೆ ಸಿಪಿಯು ಅನ್ನುವ ಟ್ಯಾಬ್ ಒತ್ತಿ. ಕೆಳಗೆ ‘ಅಸೋಸಿಯೇಟೆಡ್ ಹ್ಯಾಂಡಲ್ಸ್’ ಅನ್ನುವ ಪಟ್ಟಿ ಇರುತ್ತದೆ, ಅದರ ಬಲ ತುದಿಯಲ್ಲಿ ಹುಡುಕುವ ಜಾಗ. ಅಲ್ಲಿ ಫೋಲ್ಡರಿನ ಹೆಸರು ಬರೆಯಿರಿ. ಒಂದೆರಡು ಸೆಕೆಂಡಿನಲ್ಲಿ ಹಿಡಿದಿರುವ ಪ್ರೋಗ್ರಾಂ ಹೆಸರು ಬರುತ್ತದೆ. ಹೋದ ವರ್ಷ ಅಪ್ಪನ ಕಂಪ್ಯೂಟರಿನಲ್ಲಿ ಹೀಗೇ ಆಗಿತ್ತು. ಹುಡುಕಿದರೆ ವಿಡಿಯೋ ಪ್ಲೇಯರ್ ಸಿಕ್ಕಿತು. ಕಿಟಕಿ ಮುಚ್ಚಿ ಎರಡು ದಿನ ಆಗಿದ್ದರೂ ಅದು ಒಳಗೊಳಗೇ ಓಡುತ್ತಿತ್ತು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಂಡ್ ಪ್ರೋಸೆಸ್’ ಕೊಟ್ಟೆ, ಫೋಲ್ಡರ್ ತಕ್ಷಣ ಹೋಯಿತು. ಆದರೆ ಪಟ್ಟಿಯಲ್ಲಿ ಸಿಸ್ಟಮ್ ಅಂತಲೋ, ಗುರುತಿಲ್ಲದ ಹೆಸರೋ ಬಂದರೆ ಮುಟ್ಟಬೇಡಿ. ಫೋಟೋ ತೆಗೆದು ನನಗೆ ಕಳಿಸಿ.

ಆ ಫೋಲ್ಡರ್ ಒನ್‌ಡ್ರೈವ್ ಒಳಗೆ ಇದೆಯಾ ಅಂತಲೂ ನೋಡಿ. ಒನ್‌ಡ್ರೈವ್ ಅಂದರೆ ನಮ್ಮ ಫೈಲುಗಳ ಕಾಪಿಯನ್ನು ಆನ್‌ಲೈನ್‌ನಲ್ಲೂ ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ, ಕೆಳಗೆ ಗಡಿಯಾರದ ಹತ್ತಿರ ಮೋಡದ ಗುರುತು ಇರುತ್ತದಲ್ಲ, ಅದೇ. ಫೈಲ್ ಅಪ್‌ಲೋಡ್ ಆಗುತ್ತಿರುವಾಗ ಡಿಲೀಟ್ ಮಾಡಲು ಹೋದರೂ ಹೀಗಾಗಬಹುದು. ಇನ್ನೊಂದು ಮಾತು ಜ್ಞಾಪಕ ಇರಲಿ. ಅಲ್ಲಿಂದ ಅಳಿಸಿದರೆ ಲ್ಯಾಪ್‌ಟಾಪ್‌ನಿಂದ ಮಾತ್ರವಲ್ಲ, ಆನ್‌ಲೈನ್‌ನಲ್ಲಿ ಇರುವುದೂ ಹೋಗುತ್ತದೆ. ಅಲ್ಲಿನ ರೀಸೈಕಲ್ ಬಿನ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಸಿಗುವುದಿಲ್ಲ.

ಚಿಕ್ಕಪ್ಪ ಕೇಳಿದ್ದು ಬೇರೆ ತೊಂದರೆ. ಅವರ ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೊಸದಕ್ಕೆ ಹಾಕಿದ್ದಾರೆ, ಪರ್ಮಿಷನ್ ಇಲ್ಲ ಅನ್ನುತ್ತಿದೆ. ಚಿಕ್ಕಪ್ಪ, ಆ ಫೋಲ್ಡರಿನ ಯಜಮಾನ ಈಗಲೂ ಹಳೇ ಕಂಪ್ಯೂಟರಿನ ಅಕೌಂಟ್. ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್‌ಡ್‌ಗೆ ಹೋಗಿ ಓನರ್ ಜಾಗದಲ್ಲಿ ನಿಮ್ಮ ಹೆಸರು ಹಾಕಿಕೊಳ್ಳಬೇಕು. ನಿಮ್ಮ ಸ್ವಂತ ಫೋಲ್ಡರಿಗೆ ಮಾತ್ರ ಹೀಗೆ ಮಾಡಿ. ‘ಟ್ರಸ್ಟೆಡ್‌ಇನ್‌ಸ್ಟಾಲರ್’ ಪರ್ಮಿಷನ್ ಬೇಕು ಅಂತ ಬಂದರೆ ಅದು ವಿಂಡೋಸ್‌ನದೇ ಫೈಲ್. ಬಿಟ್ಟುಬಿಡಿ.

ಸ್ಟುಡಿಯೋದವರು ಕೊಟ್ಟ ಫೋಲ್ಡರ್‌ಗಳಲ್ಲಿ ಇನ್ನೊಂದು ಕಾಟ ಇರುತ್ತದೆ. ಫೋಲ್ಡರ್ ಒಳಗೆ ಫೋಲ್ಡರ್, ಒಂದೊಂದಕ್ಕೂ ಉದ್ದುದ್ದ ಹೆಸರು. ಡ್ರೈವಿನ ಅಕ್ಷರದಿಂದ ಫೈಲ್ ಹೆಸರಿನವರೆಗೆ ಎಲ್ಲಾ ಸೇರಿ ಸುಮಾರು 260 ಅಕ್ಷರ ದಾಟಿದರೆ ವಿಂಡೋಸ್ ತಡವರಿಸುತ್ತದೆ, ಹೆಸರು ಉದ್ದ ಆಯಿತು ಅನ್ನುತ್ತದೆ. ಹೊರಗಿನ ಫೋಲ್ಡರ್‌ಗೆ ಎ, ಒಳಗಿನದಕ್ಕೆ ಬಿ ಅಂತ ಒಂದೊಂದೇ ಅಕ್ಷರದ ಹೆಸರು ಇಟ್ಟು ಆಮೇಲೆ ಅಳಿಸಿದರೆ ಸಾಕು.

ಅಣ್ಣ ಕಳಿಸಿದ ಲಿಂಕ್ ಒತ್ತಬೇಡಿ ಅಂದಿದ್ದು ಯಾಕೆ ಅಂದರೆ, ಅಂಥವುಗಳ ಜೊತೆ ಬೇಡದ ಪ್ರೋಗ್ರಾಂಗಳು ಸೇರಿಕೊಂಡು ಬರುವುದು ಜಾಸ್ತಿ. ವಿಂಡೋಸ್‌ನಲ್ಲೇ ದಾರಿ ಇರುವಾಗ ಆ ಅಪಾಯ ಯಾಕೆ? ಇನ್ನು ಫಾರ್ಮ್ಯಾಟ್ ಮಾಡಿಸಿದರೆ ಒಂದು ಫೋಲ್ಡರಿಗೋಸ್ಕರ ಎಲ್ಲಾ ಹೋಗುತ್ತದೆ.

ಅತ್ತೆ, ಕೊನೆಗೆ ಒಂದು ಕೇಳಿಕೊಳ್ಳುತ್ತೇನೆ. ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಆಗಿದೆ ಅಂದಿರಿ. ಅದನ್ನು ಅಪ್ಪನ ಕಂಪ್ಯೂಟರಿಗೆ ಹಾಕಿ ತೆರೆದು ನೋಡಿ. ಹೆಸರು ಕಂಡರೆ ಸಾಲದು, ವಿಡಿಯೋ ಓಡಬೇಕು. ಮಾತೃಭೋಜನ ಆದ ಮೇಲೆ ಅಜ್ಜ ಪುಟ್ಟನ ತಲೆ ಮೇಲೆ ಕೈಯಿಟ್ಟು ಮಾತಾಡುತ್ತಾರಲ್ಲ, ಆ ಭಾಗ ಪೂರ್ತಿ ಕೇಳಿ. ಅಜ್ಜನ ದನಿ ನಮ್ಮ ಹತ್ತಿರ ಇರುವುದು ಅದೊಂದರಲ್ಲೇ. ಅದು ಸರಿಯಾಗಿ ಕೇಳಿಸಿತು ಅಂತ ನೀವು ಇಲ್ಲಿ ಬರೆಯುವವರೆಗೆ ಡಿಲೀಟ್ ಒತ್ತಬೇಡಿ. ಸಂಜೆ ಏಳರ ಮೇಲೆ ನಾನು ಬಿಡುವಾಗಿರುತ್ತೇನೆ, ವಿಡಿಯೋ ಕಾಲ್ ಮಾಡಿ.