ವಾರಗಿತ್ತಿ ಬಳಸಿದ ಬ್ರೆಸ್ಟ್ ಪಂಪನ್ನು ನಾನು ಬಳಸಬಹುದೇ?

ಪ್ರಶ್ನೆ: ಮಗುವಿನಮ್ಮ, ದಾವಣಗೆರೆ

ನನ್ನ ಮಗಳಿಗೆ ಈಗ 5 ತಿಂಗಳು. ನಾನು ಬ್ಯಾಂಕ್ ಉದ್ಯೋಗಿ. 26 ವಾರಗಳ ಹೆರಿಗೆ ರಜೆ ಮುಂದಿನ ತಿಂಗಳು ಮುಗಿಯುತ್ತದೆ. ಮಗು ಇದುವರೆಗೆ ಎದೆಹಾಲನ್ನು ಬಿಟ್ಟು ಬೇರೇನನ್ನೂ ಕುಡಿದಿಲ್ಲ, ಕೆಲಸಕ್ಕೆ ಮರಳಿದ ಮೇಲೂ ಎದೆಹಾಲನ್ನು ನಿಲ್ಲಿಸುವ ಮನಸ್ಸು ನನಗಿಲ್ಲ. ಮಧ್ಯಾಹ್ನ ಮನೆಗೆ ಬಂದು ಹಾಲೂಡಿಸಿ ಹೋಗುವಷ್ಟು ಹತ್ತಿರದಲ್ಲಿ ನಮ್ಮ ಶಾಖೆಯಿಲ್ಲ. ಹಾಗಾಗಿ ಹಾಲು ತೆಗೆದಿಟ್ಟು ಹೋಗಬೇಕಾಗುತ್ತದೆ.

ನನ್ನ ವಾರಗಿತ್ತಿಯವರು ತಮ್ಮ ಮಗನಿಗಾಗಿ 3 ವರ್ಷದ ಹಿಂದೆ ಕೊಂಡಿದ್ದ ಎಲೆಕ್ಟ್ರಿಕ್ ಪಂಪನ್ನು ನನಗೆಂದು ತೆಗೆದಿರಿಸಿದ್ದಾರೆ. ಅಕ್ಕ ಬಹಳ ಅಚ್ಚುಕಟ್ಟಿನವರು. ಎಲ್ಲವನ್ನೂ ಕುದಿಸಿ, ಒಣಗಿಸಿ, ಡಬ್ಬಿಯಲ್ಲೇ ಜೋಪಾನವಾಗಿ ಇಟ್ಟಿದ್ದಾರೆ. "ಇದ್ದುದನ್ನು ಬಿಟ್ಟು ಮತ್ತೊಂದಕ್ಕೆ ಯಾಕೆ ದುಡ್ಡು ಸುರಿಯುತ್ತೀರಿ" ಎಂದು ಅತ್ತೆಯವರೂ ಹೇಳುತ್ತಿದ್ದಾರೆ. ಆದರೆ ಒಬ್ಬರು ಬಳಸಿದ ಪಂಪನ್ನು ಇನ್ನೊಬ್ಬರು ಬಳಸಬಾರದೆಂದು ಎಲ್ಲೋ ಓದಿದ ನೆನಪು. ಬೇಡವೆಂದರೆ ಅಕ್ಕನಿಗೆ ನೋವಾಗಬಹುದು, ಬೇಕೆಂದರೆ ನನಗೆ ಸಮಾಧಾನವಿಲ್ಲ. ಮತ್ತೊಮ್ಮೆ ಚೆನ್ನಾಗಿ ಕುದಿಸಿಕೊಂಡರೆ ಸಾಕಾಗುವುದಿಲ್ಲವೇ?

ಉತ್ತರ: ಶುಶ್ರೂಷಕಿ, ಮಂಗಳೂರು

ನಾನು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತೇನೆ. ಈ ಪ್ರಶ್ನೆಯನ್ನು ತಾಯಂದಿರು ಆಗಾಗ ಕೇಳುತ್ತಾರೆ, ಹೆಚ್ಚಿನವರು ನಿಮ್ಮಂತೆಯೇ ಕೊಡುವವರ ಶುಚಿತ್ವವನ್ನು ಹೇಳಿ ಮಾತು ಆರಂಭಿಸುತ್ತಾರೆ. ನಿಮ್ಮ ಅಕ್ಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅವರ ಕೈಗೆ ಸಿಗದ ಭಾಗವೊಂದು ಆ ಪಂಪಿನಲ್ಲಿದೆ. ಎದೆಗೆ ತಾಗುವ ಶೀಲ್ಡ್, ವಾಲ್ವ್, ಬಾಟಲಿ ಇವನ್ನು ಕುದಿಸಬಹುದು, ಹೊಸದನ್ನು ತಂದು ಹಾಕಲೂಬಹುದು. ಮೋಟಾರನ್ನು ಕುದಿಸಲಾಗದು, ಬಿಚ್ಚಿ ತೊಳೆಯಲೂ ಆಗದು.

ಕೆಲವು ಪಂಪುಗಳಲ್ಲಿ ಹಾಲು ಬೀಳುವ ಭಾಗಕ್ಕೂ ಗಾಳಿ ಎಳೆಯುವ ಟ್ಯೂಬಿಗೂ ನಡುವೆ ಸಿಲಿಕೋನ್ ಪೊರೆಯಂತಹ ತಡೆ ಇರುತ್ತದೆ. ಇವನ್ನು ಕ್ಲೋಸ್ಡ್ ಸಿಸ್ಟಮ್ ಎನ್ನುತ್ತಾರೆ. ತಡೆಯಿಲ್ಲದ ಓಪನ್ ಸಿಸ್ಟಮ್ ಪಂಪುಗಳಲ್ಲಿ ಹಾಲಿನ ಹನಿಯೋ ತೇವದ ಗಾಳಿಯೋ ಟ್ಯೂಬಿನ ಮೂಲಕ ಮೋಟಾರಿನವರೆಗೂ ಹೋಗಿ, ಅಲ್ಲಿಯೇ ಒಣಗಿ, ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳಿಗೆ ನೆಲೆಯಾಗಬಹುದು. ಎಚ್‌ಐವಿ, ಸೈಟೊಮೆಗಾಲೊ ಮುಂತಾದ ವೈರಸ್‌ಗಳು ಎದೆಹಾಲಿನಲ್ಲಿ ಹೊರಬರುತ್ತವೆ. ಎಚ್‌ಐವಿ ಪರೀಕ್ಷೆಯನ್ನು ನಮ್ಮಲ್ಲಿ ಬಸುರಿಯರಿಗೆ ಮಾಡಿಸುತ್ತಾರೆ. ಸೈಟೊಮೆಗಾಲೊಗೆ ವಾಡಿಕೆಯಾಗಿ ಮಾಡಿಸುವುದಿಲ್ಲ. 3 ವರ್ಷ ಒಣಗಿ ಬಿದ್ದಿದ್ದ ಪಂಪಿನಿಂದ ಇಂತಹ ವೈರಸ್ ತಗಲುವ ಸಂಭವ ಬಹಳ ಕಡಿಮೆ ಎಂಬುದನ್ನೂ ಹೇಳಬೇಕು, ಸುಮ್ಮನೆ ಹೆದರಿಸುವುದು ನನ್ನ ಉದ್ದೇಶವಲ್ಲ. ನನ್ನ ಆತಂಕವಿರುವುದು ಬೂಷ್ಟಿನ ಬಗ್ಗೆ.

ಹಾಗಾದರೆ ಆಸ್ಪತ್ರೆಗಳಲ್ಲಿ ಒಂದೇ ಪಂಪನ್ನು ಹತ್ತಾರು ತಾಯಂದಿರು ಬಳಸುವುದು ಹೇಗೆಂದು ನೀವು ಕೇಳಬಹುದು. ಮೆಡೆಲಾ ಸಿಂಫನಿಯಂತಹ ಪಂಪುಗಳನ್ನು ಹಲವರ ಬಳಕೆಗೆಂದೇ ರೂಪಿಸಿರುತ್ತಾರೆ, ಪ್ರತಿ ತಾಯಿಗೂ ಶೀಲ್ಡ್ ಮತ್ತು ಟ್ಯೂಬ್ ಸಹಿತ ಪ್ರತ್ಯೇಕ ಕಿಟ್ ಕೊಡುತ್ತಾರೆ. ಮನೆಬಳಕೆಗೆಂದು ಮಾರುವ ಪಂಪುಗಳನ್ನು ಸಾಮಾನ್ಯವಾಗಿ ಒಬ್ಬರಿಗಾಗಿಯೇ ಮಾಡಿರುತ್ತಾರೆ; ಅಂಥವನ್ನು ಹಂಚಿಕೊಳ್ಳಬಾರದೆಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸ್ಪಷ್ಟವಾಗಿ ಹೇಳುತ್ತದೆ. ಅಂಗಡಿಯವರು ಡಬ್ಬಿಯ ಮೇಲೆ ತೋರಿಸುವ "ಹಾಸ್ಪಿಟಲ್ ಗ್ರೇಡ್" ಎಂಬ ಮಾತಿಗೆ ಮರುಳಾಗಬೇಡಿ, ಎಫ್‌ಡಿಎ ಆ ಹೆಸರಿಗೆ ಮಾನ್ಯತೆಯನ್ನೇ ಕೊಟ್ಟಿಲ್ಲ. ಪಂಪಿನ ಕೈಪಿಡಿಯಲ್ಲಿ ಒಬ್ಬರ ಬಳಕೆಗೆ ಎಂದಿದೆಯೋ ಹಲವರ ಬಳಕೆಗೆ ಎಂದಿದೆಯೋ ನೋಡಿ.

ಉತ್ತರ: ಬಯೋಮೆಡಿಕಲ್ ತಂತ್ರಜ್ಞ, ಹುಬ್ಬಳ್ಳಿ

ಸಿಸ್ಟರ್ ಹೇಳಿದ್ದಕ್ಕೆ ರಿಪೇರಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಕೈಪಿಡಿ ಕಳೆದುಹೋಗಿದ್ದರೂ ಪಂಪಿನ ಚರಿತ್ರೆಯನ್ನು ಟ್ಯೂಬಿನಲ್ಲೇ ಓದಬಹುದು. ಟ್ಯೂಬನ್ನು ಮೋಟಾರಿನ ತುದಿಯಿಂದ ಕಳಚಿ, ಕಿಟಕಿಯ ಬೆಳಕಿಗೆ ಹಿಡಿದು, ಬೆರಳುಗಳ ನಡುವೆ ನಿಧಾನವಾಗಿ ಹೊರಳಿಸಿ ನೋಡಿ. ಹಾಲು ಒಳಗೆ ಹೋಗಿದ್ದರೆ ಬಾಗಿರುವ ಕಡೆ ತೆಳ್ಳನೆಯ ಹಳದಿ ಪೊರೆ ಅಂಟಿರುತ್ತದೆ, ಬೂಷ್ಟಾಗಿದ್ದರೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಬಳಿಕ ಮೋಟಾರಿನ ಮೇಲೆ ಟ್ಯೂಬ್ ಕೂರುವ ತೂತಿಗೆ ಟಾರ್ಚ್ ಹಿಡಿದು ನೋಡಿ, ಮೂಸಿಯೂ ನೋಡಿ. ಹುಳಿ ವಾಸನೆ ಬಂದರೆ ಮುಂದಿನ ಪರೀಕ್ಷೆಯ ಅಗತ್ಯವೇ ಇಲ್ಲ. ಏನೂ ಕಾಣಲಿಲ್ಲವೆಂಬುದನ್ನು ಮಾತ್ರ ಸ್ವಚ್ಛತೆಯ ಪ್ರಮಾಣಪತ್ರವೆಂದು ತಿಳಿಯಬೇಡಿ, ಏಕೆಂದರೆ ಮೋಟಾರಿನೊಳಗೆ ಗಾಳಿ ಎಳೆಯುವ ಡಯಾಫ್ರಮ್ ಎಂಬ ಪೊರೆ ಹೊರಗಿನಿಂದ ಕಾಣುವುದಿಲ್ಲ.

ಇನ್ನೊಂದು ಮಾತು ಎಳೆತದ ಬಗ್ಗೆ. ಮನೆಬಳಕೆಯ ಪಂಪಿನ ಮೋಟಾರು ಸವೆಯುತ್ತದೆ, ಮೂಲೆಯಲ್ಲಿ ಇಟ್ಟಿದ್ದರೂ ರಬ್ಬರು ಗಟ್ಟಿಯಾಗುತ್ತದೆ, ಬ್ಯಾಟರಿ ಸೊರಗುತ್ತದೆ. ಪಂಪು ಸದ್ದು ಮಾಡುತ್ತಾ ಓಡುತ್ತಿದ್ದರೂ ಎಳೆತ ಸಾಲದೆ ಹೋದಾಗ, ತನಗೇ ಹಾಲು ಕಡಿಮೆಯಾಗಿದೆಯೆಂದು ತಾಯಿ ಭಾವಿಸಿ ಡಬ್ಬಿಹಾಲಿಗೆ ಇಳಿಯುವುದುಂಟು. ಇಂಥ ಸಂದರ್ಭದಲ್ಲಿ ಮೊದಲು ವಾಲ್ವ್ ಬದಲಾಯಿಸಿ ನೋಡಬೇಕು. ಹೆಚ್ಚಿನ ಸಲ ದೋಷ ಅಲ್ಲೇ ಇರುತ್ತದೆ.

ಉತ್ತರ: ಇಬ್ಬರು ಮಕ್ಕಳ ತಾಯಿ, ಬೆಂಗಳೂರು

ನನ್ನ ಅನುಭವ ಸ್ವಲ್ಪ ಬೇರೆ. ಎರಡನೆಯ ಬಾಣಂತನದಲ್ಲಿ ನನ್ನ ತಂಗಿಯ ಪಂಪನ್ನೇ ಬಳಸಿದೆ. ಅದು ಕ್ಲೋಸ್ಡ್ ಸಿಸ್ಟಮ್ ಆಗಿತ್ತು. ಟ್ಯೂಬ್, ವಾಲ್ವ್, ಶೀಲ್ಡ್, ತಡೆಯ ಪೊರೆ ಎಲ್ಲವನ್ನೂ ಹೊಸದಾಗಿ ತರಿಸಿಕೊಂಡೆ. ನಿಯಮ ಒಬ್ಬರಿಗೆ ಮಾತ್ರ ಎನ್ನುತ್ತದೆಂದು ಗೊತ್ತಿದ್ದೇ ತೆಗೆದುಕೊಂಡ ನಿರ್ಧಾರವದು. ನನ್ನ ಮಗು ದಿನ ತುಂಬಿ ಹುಟ್ಟಿತ್ತು, ಆರೋಗ್ಯವಾಗಿತ್ತು. ಅವಧಿಗೆ ಮುನ್ನ ಹುಟ್ಟಿದ್ದರೆ ಅದನ್ನು ಮುಟ್ಟುತ್ತಿರಲಿಲ್ಲ. ಬಿಡಿಭಾಗಗಳಿಗೇ ಸಾಕಷ್ಟು ಹಣ ಹೋಯಿತೆಂಬುದನ್ನು ನಿಮ್ಮ ಅತ್ತೆಯವರಿಗೆ ತಿಳಿಸಿ, ಪುಕ್ಕಟೆ ಪಂಪು ಪುಕ್ಕಟೆಯಾಗಿ ಉಳಿಯುವುದಿಲ್ಲ. ಹಲವರ ಬಳಕೆಯ ಪಂಪನ್ನು ಬಾಡಿಗೆಗೆ ಕೊಡುವವರೂ ಬೆಂಗಳೂರಿನಲ್ಲಿದ್ದಾರೆ. ನಿಮ್ಮ ಊರಿನಲ್ಲಿ ಹೆರಿಗೆ ಆಸ್ಪತ್ರೆಯಲ್ಲಿ ವಿಚಾರಿಸಿ.

ಉತ್ತರ: ಶುಶ್ರೂಷಕಿ, ಮಂಗಳೂರು

ಬೆಂಗಳೂರಿನ ತಾಯಿಯವರು ಷರತ್ತುಗಳನ್ನು ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು. ನಾನು ಹಾಗೆ ಸಲಹೆ ಕೊಡಲಾರೆ, ಆದರೂ ಅವರ ತರ್ಕ ಅರ್ಥವಾಗುತ್ತದೆ.

ಪಂಪು ಹೊಸದಾದ ಮಾತ್ರಕ್ಕೆ ಚಿಂತೆ ತಪ್ಪಿತೆಂದೂ ಇಲ್ಲ. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಗುವೊಂದಕ್ಕೆ ಕ್ರೋನೋಬ್ಯಾಕ್ಟರ್ ಸೋಂಕು ತಗಲಿದಾಗ, ಅದೇ ಬ್ಯಾಕ್ಟೀರಿಯಾ ಮನೆಯ ಪಂಪಿನಲ್ಲೂ ಸಿಕ್ಕಿತು. ಪಂಪಿನ ಭಾಗಗಳನ್ನು ಉಜ್ಜದೆ ಗಂಟೆಗಟ್ಟಲೆ ಸೋಪಿನ ನೀರಿನಲ್ಲಿ ನೆನೆಸಿಡುತ್ತಿದ್ದರು. ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಅದಕ್ಕೆಂದೇ ಒಂದು ಬೇಸಿನ್ನು, ಒಂದು ಬ್ರಷ್ಷು ಇಟ್ಟುಕೊಂಡು, ಪ್ರತಿ ಸಲವೂ ಉಜ್ಜಿ ತೊಳೆದು, ಸೆರಗಿನಿಂದ ಒರೆಸದೆ ಗಾಳಿಗೆ ಒಣಗಲು ಬಿಡಿ. ಕುದಿಸುವುದಾದರೆ 5 ನಿಮಿಷ ಸಾಕು.

ಇನ್ನು ನಾನು ಮೊದಲೇ ಕೇಳಬೇಕಿದ್ದ ಮಾತು: ನಿಮಗೆ ಎಲೆಕ್ಟ್ರಿಕ್ ಪಂಪು ನಿಜಕ್ಕೂ ಬೇಕೇ? ನೀವು ಕೆಲಸಕ್ಕೆ ಹೋಗುವ ಹೊತ್ತಿಗೆ ಮಗುವಿಗೆ 6 ತಿಂಗಳು ತುಂಬಿ, ರಾಗಿಸರಿ, ಮೆತ್ತನೆಯ ಅನ್ನ ಆರಂಭವಾಗಿರುತ್ತದೆ. ಬೆಳಿಗ್ಗೆ ಹೊರಡುವ ಮುನ್ನ, ಸಂಜೆ ಬಂದ ಮೇಲೆ, ರಾತ್ರಿ ಅವಳು ನೇರವಾಗಿಯೇ ಕುಡಿಯುತ್ತಾಳೆ. ಕಚೇರಿಯಲ್ಲಿ ಒಂದೆರಡು ಸಲ ತೆಗೆದರೆ ಸಾಕಾಗಬಹುದು, ಅದಕ್ಕೆ ಕೈಯಲ್ಲಿ ಒತ್ತುವ ಸಾದಾ ಪಂಪು ಸಾಲುತ್ತದೆ. ಬರಿಗೈಯಲ್ಲೂ ತೆಗೆಯಬಹುದು: ಹೆಬ್ಬೆರಳು ಮೇಲೆ, ಉಳಿದ ಬೆರಳುಗಳು ಕೆಳಗೆ ಬರುವಂತೆ ತೊಟ್ಟಿನಿಂದ 2-3 ಸೆಂಟಿಮೀಟರ್ ಹಿಂದೆ ಹಿಡಿದು, ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಕೂಡಿಸಬೇಕು, ಚರ್ಮದ ಮೇಲೆ ಬೆರಳು ಜಾರಬಾರದು. ಮೊದಲ ಒಂದೆರಡು ನಿಮಿಷ ಹನಿಯಷ್ಟೇ ಬರುತ್ತದೆ, ಬೇಸರಿಸಿ ಬಿಡಬೇಡಿ. ಮನೆಯಲ್ಲಿ ಒಳಲೆಯಲ್ಲಿ ಕುಡಿಸುವವರಿದ್ದರೆ ಬಾಟಲಿಯ ಗೋಜೂ ಇಲ್ಲ.

ತೆಗೆದ ಹಾಲು 25 ಡಿಗ್ರಿಯವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ದಾವಣಗೆರೆಯ ಬೇಸಿಗೆಯಲ್ಲಿ 25 ಡಿಗ್ರಿಯನ್ನು ನಂಬಬೇಡಿ, ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ತೆಗೆದುಕೊಂಡು ಹೋಗಿ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮ ನಿಮ್ಮ ಹಕ್ಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಇದನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ವ್ಯವಸ್ಥಾಪಕರ ಬಳಿ ರಜೆ ಮುಗಿಯುವ ಮೊದಲೇ ಮಾತಾಡಿಕೊಳ್ಳಿ.

ಮಗುವಿನಮ್ಮ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ಅಕ್ಕನನ್ನೇ ಜೊತೆಗೆ ಕೂರಿಸಿಕೊಂಡು ಪಂಪನ್ನು ಬಿಚ್ಚಿ ನೋಡಿದೆವು. ತಡೆಯ ಪೊರೆ ಇಲ್ಲದ ಮಾದರಿ ಅದು. ಟ್ಯೂಬಿನ ಬಾಗಿನಲ್ಲಿ ಹಳದಿ ಗೆರೆಯನ್ನು ನನಗಿಂತ ಮೊದಲು ಗುರುತಿಸಿದವರು ಅಕ್ಕನೇ. ಹೀಗಾಗಿ ಬೇಡವೆನ್ನುವ ಕಷ್ಟ ನನಗೆ ಬರಲಿಲ್ಲ. ಕೈಪಂಪನ್ನು ಕೊಳ್ಳುತ್ತೇನೆ. ಅಕ್ಕನದೊಂದು ಪ್ರಶ್ನೆಯಿದೆ: ಟ್ಯೂಬ್ ಬದಲಾಯಿಸಿ ಇದನ್ನು ಆನ್‌ಲೈನಿನಲ್ಲಿ ಮಾರಬಹುದೇ?

ಉತ್ತರ: ಬಯೋಮೆಡಿಕಲ್ ತಂತ್ರಜ್ಞ, ಹುಬ್ಬಳ್ಳಿ

ಮಾರಬೇಡಿ, ದಾನವಾಗಿಯೂ ಕೊಡಬೇಡಿ. ಹೊಸ ಟ್ಯೂಬ್ ಹಾಕಿದರೆ ಕೊಳ್ಳುವವರಿಗೆ ಆ ಹಳದಿ ಗೆರೆ ಕಾಣುವುದಿಲ್ಲ, ಮೋಟಾರಿನೊಳಗೆ ಇರುವುದು ಇದ್ದೇ ಇರುತ್ತದೆ. ಬ್ಯಾಟರಿಯಿದ್ದರೆ ಕಸದ ಗಾಡಿಗೆ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.